ಧೂಪದ ಸರದಿ

ನೆಲ್ಸನ್ ಪಟ್ಟಿಯಲ್ಲಿದ್ದ ಎರಡನೆಯ ಹೆಸರನ್ನು ಹೊಡೆದುಹಾಕಿ ಹಾಳೆಯನ್ನು ಮಗಳ ಕೈಗಿತ್ತ. ಸತ್ತವರ ಮುಂದೆ ಧೂಪ ಹಾಕಲು, ತೀರ ಹತ್ತಿರದ ನೆಂಟರಿಂದ ಮೊದಲುಮಾಡಿ ಒಬ್ಬೊಬ್ಬರನ್ನೇ ಕೂಗಿ ಕರೆಯುವ ಕೆಲಸ ಅವಳದು.

"ಅಪ್ಪಾ, ಇದು ಇಸಾಮು ಚಿಕ್ಕಜ್ಜನ ಹೆಸರು!"

"ಹೊರಗಿನವರ ಸಾಲಲ್ಲಿ ನಿಲ್ಲಲಿ. ಐವತ್ತು ವರ್ಷ ನನ್ನ ಕೈಲಿ ಚಿಕ್ಕಪ್ಪ ಅನ್ನಿಸ್ಕೊಂಡ. ಅಪ್ಪನ ತಮ್ಮನೂ ಅಲ್ಲ ಗಿಮ್ಮನೂ ಅಲ್ಲ. ನೀನೇ ತಾನೆ ಟೇಪು ಹಾಕಿ ಕೇಳಿಸಿದ್ದು?"

ಮರೀನಾ ಹಾಳೆಯ ಮೇಲಿನ ಆ ಗೀಟನ್ನೇ ನೋಡಿದಳು. ಬ್ರೆಜಿಲ್‌ನ ಬಾಸ್ತೋಸ್ ಊರಿನ ಜಪಾನೀಯರ ಸಂಘದ ಪುಸ್ತಕಕ್ಕೆಂದು, ಹಡಗಿಳಿದು ಬಂದ ಮುದುಕರ ಮಾತನ್ನೆಲ್ಲ ದಾಖಲಿಸುತ್ತಿದ್ದವಳು ಅವಳೇ. ಅಜ್ಜ ಮಸಾಕಿಚಿಯ ಟೇಪನ್ನು ಮನೆಯವರಿಗೆಲ್ಲ ಹೆಮ್ಮೆಯಿಂದ ಕೇಳಿಸಿದವಳೂ ಅವಳೇ. ಈಗ ಅಜ್ಜ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

* * *

"ಬ್ರೆಜಿಲ್‌ಗೆ ಹೋಗ್ಬೇಕಾದ್ರೆ ಮನೇಲಿ ಮೂರು ಜನ ದುಡಿಯೋರು ಇರ್ಬೇಕು ಅಂದ್ರು," ಎಂದು ಅಜ್ಜ ಟೇಪಿನಲ್ಲಿ ನಕ್ಕಿದ್ದ. "ನಾನು, ನಿನ್ನಜ್ಜಿ, ಇಬ್ರೇ. ಅಕ್ಕಿ ಗಿರಣೀಲಿ ಕೂಲಿಗಿದ್ದ ಅನಾಥ ಇಸಾಮುನ್ನ ನಮ್ಮಪ್ಪ ದತ್ತು ತಗೊಂಡ ಅಂತ ಬರೆಸಿದ್ವಿ. ಕಾಗದದಲ್ಲಿ ತಮ್ಮ ಆದ."

"ಆಮೇಲೆ?"

"ಆಮೇಲೇನು? ತೋಟ ಸೇರಿದ ಮೇಲೆ ಎಲ್ಲರ ಕಾಗದದ ನೆಂಟರೂ ತಂತಮ್ಮ ದಾರಿ ಹಿಡಿದ್ರು. ಇವನು ಮಾತ್ರ ಹೋಗ್ಲೇ ಇಲ್ಲ ಕಣೇ. ನಿಮ್ಮಪ್ಪನ್ನ ಬೆನ್ನಿಗೆ ಕಟ್ಕೊಂಡು ಕಾಫಿ ಬಿಡಿಸ್ತಿದ್ದ."

ಟೇಪು ಕೇಳಲು ಕೂತಿದ್ದ ನೆಲ್ಸನ್ ಈ ಮಾತು ಬರುವಷ್ಟು ಹೊತ್ತಿಗೆ ಎದ್ದು ಹೋಗಿದ್ದ.

* * *

ಇಸಾಮು ಎಂದಿನಂತೆ, ಶವಪೆಟ್ಟಿಗೆಯ ಪಕ್ಕದಲ್ಲಿದ್ದ ಮನೆಯವರ ಕುರ್ಚಿಗಳತ್ತ ನಡೆದ. ನೆಲ್ಸನ್ ಅಡ್ಡ ನಿಂತು, "ಆ ಕಡೆ," ಎಂದ.

ಮರೀನಾ ಓಡಿ ಬಂದಳು. "ಚಿಕ್ಕಜ್ಜ, ಇಲ್ಲೇ ಕೂತ್ಕೊಳ್ಳಿ. ಅಪ್ಪ ಏನಾದ್ರೂ ಅನ್ಲಿ, ನಾನು ನಿಮ್ಮ ಹೆಸರು ಕೂಗ್ತೀನಿ. ತಪ್ಪು ನಂದು."

"ನಿಂದೇನು ತಪ್ಪು, ಮಗು? ನಿಮ್ಮಜ್ಜನ ಬಾಯಲ್ಲಿ ಗುಟ್ಟು ಯಾವತ್ತು ನಿಂತಿತ್ತು?" ಮುದುಕ ಪೆಟ್ಟಿಗೆಯತ್ತ ನೋಡಿ ನಗಲು ಹೋದ, ಆಗಲಿಲ್ಲ. "ಅವನ ಮುಂದೆ ಜಗಳ ಬೇಡ."

ಅವನು ಹೊರಗಿನವರ ಸಾಲಿನ ಕೊನೆಗೆ ಹೋಗಿ ನಿಂತ. ಮರೀನಾ ಮನೆಯವರ ಹೆಸರುಗಳನ್ನು ಕೂಗಿದಳು. ಹೊಡೆದುಹಾಕಿದ ಎರಡನೆಯ ಹೆಸರನ್ನು ಬಿಟ್ಟು ಮುಂದಿನದಕ್ಕೆ ಹೋದಳು.

ಎಲ್ಲರದೂ ಆದ ಮೇಲೆ ಇಸಾಮು ಬಂದ. ಒಂದು ಚಿಟಿಕೆ ಧೂಪವನ್ನು ಹಣೆಗೊತ್ತಿ ಕೆಂಡಕ್ಕೆ ಹಾಕಿದ. ಆಮೇಲೆ ಹೊರಗಿನವರು ಮಾಡುವಂತೆಯೇ ಮನೆಯವರ ಕಡೆ ತಿರುಗಿ, ಕಾಲು ಜೋಡಿಸಿ, ಸೊಂಟದವರೆಗೂ ಬಗ್ಗಿದ.

"ನಿಮ್ಮ ಮನೆಗೆ ಹೀಗಾಗಬಾರದಿತ್ತು. ಕೇಳಿ ತುಂಬಾ ದುಃಖವಾಯ್ತು, ನೆಲ್ಸನ್ ಅವರೇ."

ಹುಟ್ಟಿದಾಗಿನಿಂದ ನೆಲ್ಸನ್‌ನನ್ನು "ಲೋ" ಎಂದೇ ಕರೆದಿದ್ದ ಬಾಯಿ ಅದು. ಮರ್ಯಾದೆಗೆ ನೆಲ್ಸನ್ನೂ ಬಗ್ಗಿದ. ಮುದುಕ ಬಾಗಿಲು ದಾಟಿ ಅಂಗಳಕ್ಕಿಳಿದರೂ ಅವನು ಬಗ್ಗಿಯೇ ಇದ್ದ.