ಬೆಪ್ಪಣ್ಣನ ಭಿನ್ನರಾಶಿ

ಬೆಪ್ಪಣ್ಣ ಮೇಜಿನ ಅಂಚಿನಲ್ಲಿ ತಲೆಯೆತ್ತಿ, ಮೂರರಲ್ಲಿ ಒಂದು ಪಾಲಿಗಿಂತ ನಾಲ್ಕರಲ್ಲಿ ಒಂದು ಪಾಲೇ ದೊಡ್ಡದು, ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ, ಇಷ್ಟೂ ತಿಳಿಯದ ಮಕ್ಕಳ ಜೊತೆ ತಾನು ಕೂರಬೇಕಾಯಿತಲ್ಲ ಎಂದು ನಿಟ್ಟುಸಿರು ಬಿಟ್ಟ. ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತು. ದುಂಡ ಎಂದು ಎಲ್ಲರೂ ಕರೆಯುವ ಹುಡುಗ ತನ್ನ ಡಬ್ಬಿಯಿಂದ ಬ್ರೆಡ್ಡಿನ ಹೋಳು ತೆಗೆದು ಅವನ ಮೂಗಿನ ಹತ್ತಿರ ಹಿಡಿದ.

"ಇದನ್ನ ಮೂರು ಜನ ಹಂಚಿಕೊಂಡ್ರೆ ನಿಂಗೆಷ್ಟು ಸಿಗುತ್ತೆ? ಇನ್ನೊಬ್ಬ ಬಂದು ಕೂತ್ರೆ ಎಷ್ಟು ಸಿಗುತ್ತೆ? ಹೇಳೋ, ಬೆಪ್ಪೇ."

ಬೆಪ್ಪಣ್ಣನಿಗೆ ಮೂಗಿರಲಿಲ್ಲ. ಅವನೊಂದು ಬೂದು ಬಣ್ಣದ ಕಾಲುಚೀಲ. ಎರಡು ಗುಂಡಿಗಳೇ ಕಣ್ಣು, ಕೆಂಪು ಬಟ್ಟೆಯ ತುಂಡೇ ನಾಲಿಗೆ, ಒಳಗಿದ್ದದ್ದು ಗಣಿತದ ಟೀಚರ ಬಲಗೈ. ಮೇಜಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಅವಳ ಕಾಲು ಜೋಮು ಹಿಡಿದಿತ್ತು. ಆದರೂ ಏಳಲು ಮನಸ್ಸಾಗಲಿಲ್ಲ.

ಇದೇ ಮಕ್ಕಳು ವರ್ಷದ ಆರಂಭದಲ್ಲಿ ಜಪ್ಪಯ್ಯ ಅಂದರೂ ತುಟಿ ಬಿಚ್ಚುತ್ತಿರಲಿಲ್ಲ. ಹಿಂದಿನ ವರ್ಷ ಕಲಿಸಿದ ಮೇಷ್ಟ್ರು ತಪ್ಪು ಉತ್ತರ ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ ಉಳಿದವರಿಂದ ಚಪ್ಪಾಳೆ ತಟ್ಟಿಸುತ್ತಿದ್ದರಂತೆ. ಟೀಚರ್ ರಟ್ಟಿನ ಚಕ್ರಗಳನ್ನು ಕತ್ತರಿಸಿ ತಂದಳು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯಾರೇಖೆ ಎಳೆದಳು, ಪ್ರೊಜೆಕ್ಟರಿನಲ್ಲಿ ಅಂಕಿಗಳನ್ನು ಕುಣಿಸಿದಳು. ಪಕ್ಕದ ಮನೆಯ ಟಿ.ವಿ.ಯನ್ನು ಕಿಟಕಿಯಿಂದ ನೋಡುವವರಂತೆ ಮಕ್ಕಳು ಎಲ್ಲವನ್ನೂ ಮರ್ಯಾದೆಯಿಂದ ನೋಡಿದರು, ಅಷ್ಟೆ. ಕೊನೆಗೆ ಹೆಡ್‌ಮಾಸ್ಟರು ಅವಳನ್ನು ಕರೆಸಿದರು. ಪೋಷಕರು ಬಂದು ಪಾಠ ನೋಡುವ ದಿನವೂ ಈ ಮಕ್ಕಳು ಹೀಗೇ ಕೂತರೆ ಸೆಕ್ಷನ್ ಒಡೆದು ಉಳಿದ ಸೆಕ್ಷನ್ನುಗಳಿಗೆ ಹಂಚಿಬಿಡುತ್ತೇನೆ ಎಂದರು. ಅವರಿಗೇನೂ ದ್ವೇಷವಿರಲಿಲ್ಲ, ಕೊಠಡಿಗಳ ಕೊರತೆಯಿತ್ತು. ಆದರೆ ಗುಬ್ಬಿ ಎಂದೇ ಹೆಸರಾದ ಪುಟ್ಟ ಹುಡುಗಿ, ಉಸಿರಾಡುವಾಗಲೂ ಪಕ್ಕದವರ ಅನುಮತಿ ಬೇಡುವಂತಿದ್ದವಳು, ಅಷ್ಟು ದೊಡ್ಡ ಗುಂಪಿನಲ್ಲಿ ಕರಗಿಯೇ ಹೋಗುತ್ತಾಳೆಂದು ಟೀಚರಿಗೆ ಗೊತ್ತಿತ್ತು.

ಆಗ ಹುಟ್ಟಿದವನು ಬೆಪ್ಪಣ್ಣ. ಹೊಲಿದುಕೊಟ್ಟವಳು ಅವಳ ಅತ್ತೆ, ವೃತ್ತಿಯಲ್ಲಿ ದರ್ಜಿ. ಕಾಲುಚೀಲ ಮಾವನದು. ಅದರ ಜೊತೆಯದನ್ನು ಹಿಡಿದು ಅವರು ಮನೆಯೆಲ್ಲ ತಡಕಾಡುತ್ತಿದ್ದಾಗ ಅತ್ತೆ ಸೊಸೆ ಇಬ್ಬರೂ ಏನೂ ಅರಿಯದವರಂತೆ ತರಕಾರಿ ಹೆಚ್ಚುತ್ತಿದ್ದರು. ಗುಂಡಿ ಹಾಕುತ್ತಾ ಅತ್ತೆ, ಇದರ ಕೆಲಸವೇನು ಎಂದು ಕೇಳಿದ್ದಳು. ತಪ್ಪು ಹೇಳುವುದು, ಮಕ್ಕಳು ತಿದ್ದುವುದು ಎಂದು ಸೊಸೆ ವಿವರಿಸಿದಳು.

"ಮದುವೆಯಾಗಿ ಬಂದಾಗಿಂದ ಒಂದೇ ಒಂದು ತಪ್ಪು ಒಪ್ಪಿಕೊಂಡವಳಲ್ಲ ನೀನು," ಎಂದಳು ಅತ್ತೆ ದಾರ ಕಚ್ಚಿ ತುಂಡರಿಸುತ್ತಾ. "ಈಗ ಕಾಲುಚೀಲದ ಕೈಲಿ ಒಪ್ಪಿಸ್ತೀಯಾ? ಒಳ್ಳೆ ಜಾಣೆ ಕಣಮ್ಮ."

ಅತ್ತೆಯ ಮಾತು ಚುರುಕ್ಕೆಂದಿತು, ಆದರೆ ಬೆಪ್ಪಣ್ಣ ಗೆದ್ದ. ತಮಗಿಂತ ದಡ್ಡನೊಬ್ಬ ಸಿಕ್ಕಿದ್ದೇ ತಡ ಮಕ್ಕಳಿಗೆ ನಾಲಿಗೆ ಬಂತು. ಬೈದರು, ಗೋಗರೆದರು, ಕಾಗದ ಮಡಚಿ ತೋರಿಸಿದರು. ಒಂದು ದಿನ ಗುಬ್ಬಿ ಅವನ ಕಿವಿಯಿರಬೇಕಾದ ಕಡೆ ಬಾಗಿ, ಅಳಬೇಡ, ಇನ್ನೊಂದು ಸಲ ಹೇಳಿಕೊಡುತ್ತೇನೆ ಎಂದಳು. ವರ್ಷದಲ್ಲಿ ಅವಳ ಮೊದಲ ಮಾತು ಅದು.

ದುಂಡನ ಬ್ರೆಡ್ಡಿನ ವಾದ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಗಲಾಟೆ ಕೇಳಿ ಗದರಿಸಲು ಬಂದವರು ಗದರಿಸುವುದನ್ನೇ ಮರೆತಿದ್ದರು. ಸಂಜೆ ಟೀಚರನ್ನು ಕರೆದು, ಪೋಷಕರ ಎದುರು ಆ ಕಾಲುಚೀಲವನ್ನು ತಾವೇ ಹಾಕಿಕೊಳ್ಳುವುದಾಗಿ ಹೇಳಿದರು. ಮಗುವಿನಂತೆ ಆಸೆಪಟ್ಟವರಿಗೆ ಬೇಡ ಎನ್ನುವುದು ಹೇಗೆ? ಅವಳು ಸ್ಟಾಫ್‌ರೂಮಿನಲ್ಲಿ ಅವರಿಗೆ ಪಾಠ ಹೇಳಿಕೊಟ್ಟಳು. ಅರ್ಧವನ್ನು ಇನ್ನೊಮ್ಮೆ ಅರ್ಧ ಮಾಡಿದರೆ ಎಷ್ಟೆಂದು ಮಕ್ಕಳು ಕೇಳುತ್ತಾರೆ, ಆಗ ಬೆಪ್ಪಣ್ಣ, ಎರಡು ಸಲ ಕತ್ತರಿಸಿದ ಮೇಲೆ ಉಳಿಯುವುದೇನು, ಸೊನ್ನೆ, ಅನ್ನಬೇಕು. ಅವರು ಕನ್ನಡಿಯ ಮುಂದೆ ನಿಂತು ಸೊನ್ನೆ, ಸೊನ್ನೆ ಎಂದು ಅಭ್ಯಾಸ ಮಾಡಿದರು.

ಆ ದಿನ ಬಂತು. ಪೋಷಕರು ಗೋಡೆಗುಂಟ ಪುಟ್ಟ ಕುರ್ಚಿಗಳಲ್ಲಿ ಮಂಡಿ ಮಡಚಲಾಗದೆ ಕೂತಿದ್ದರು. ಗುಬ್ಬಿ ಎದ್ದು ನಿಂತು ಪ್ರಶ್ನೆ ಕೇಳಿದಳು. ಬೆಪ್ಪಣ್ಣ ಬಾಯಿ ತೆರೆದ, ಗೋಡೆಯತ್ತ ನೋಡಿದ, ಗಂಟಲು ಸರಿಮಾಡಿಕೊಂಡ.

"ಕಾಲು," ಎಂದ. "ಅಂಶ ಒಂದು, ಛೇದ ನಾಲ್ಕು."

ಪೋಷಕರು ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಮಕ್ಕಳ ಮುಖಗಳು ಒಂದೊಂದಾಗಿ ಮುದುಡಿಕೊಂಡವು. ಗುಬ್ಬಿ ಕೂತುಬಿಟ್ಟಳು. ಟೀಚರ್ ಮೇಜಿನ ಹಿಂದಕ್ಕೆ ಬಗ್ಗಿದಳು. ಹೆಡ್‌ಮಾಸ್ಟರು ಬೆವತುಹೋಗಿದ್ದರು.

"ಸರ್, ತಪ್ಪು ಹೇಳಿ."

"ಪ್ರಯತ್ನ ಮಾಡ್ತಾನೇ ಇದೀನಮ್ಮ. ಬರ್ತಾ ಇಲ್ಲ."

ದುಂಡ ಇನ್ನೊಂದು ಪ್ರಶ್ನೆ ಎಸೆದ. ಬೆಪ್ಪಣ್ಣ ತಡವರಿಸಿದ, ತಲೆ ಅಲ್ಲಾಡಿಸಿದ, ಕೊನೆಗೆ ಮತ್ತೆ ಸರಿಯಾದದ್ದನ್ನೇ ಉಗುಳಿದ. ಮತ್ತೆ ಚಪ್ಪಾಳೆ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಹೆಡ್‌ಮಾಸ್ಟರ ಕಣ್ಣು ಮೇಜಿನ ಮೇಲಿಂದ ಇಣುಕಿ, ಯಾವ ಬೆಂಚು ಯಾವ ಸೆಕ್ಷನ್ನಿಗೆ ಎಂದು ಆಗಲೇ ಲೆಕ್ಕ ಹಾಕುತ್ತಿತ್ತು.

ಟೀಚರ್ ಎದ್ದು ಬೋರ್ಡಿನ ಬಳಿ ಹೋದಳು. ಶಾಲೆಯಿಂದ ಕಾಲೇಜಿನವರೆಗೆ ಒಂದು ಅಂಕಕ್ಕೂ ಜಗಳವಾಡಿ ಬಂದವಳು ಸೀಮೆಸುಣ್ಣ ಕೈಗೆತ್ತಿಕೊಂಡಳು. ಎರಡನೇ ಒಂದಕ್ಕೆ ಮೂರನೇ ಒಂದನ್ನು ಕೂಡಿಸಬೇಕು ಎಂದು ಬರೆದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಎಂದು ಗಟ್ಟಿಯಾಗಿ ಹೇಳುತ್ತಾ, ಉತ್ತರ ಐದನೇ ಎರಡು ಎಂದು ಬರೆದು ಕೆಳಗೆ ಗೆರೆ ಎಳೆದಳು. ಗೋಡೆಯ ಕಡೆ ಗುಸುಗುಸು ಎದ್ದಿತು. ಲೆಕ್ಕಪತ್ರ ತಪಾಸಣೆಯ ಕೆಲಸದಲ್ಲಿದ್ದ ತಂದೆಯೊಬ್ಬರು ಕೆಮ್ಮಿದರು. ಔಷಧದಂಗಡಿಯ ತಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಟೀಚರಿಗೆ ಈ ಸಲ ಅಡಗಿಕೊಳ್ಳಲು ಮೇಜಿರಲಿಲ್ಲ.

"ಸರಿ ತಾನೆ?" ಎಂದಳು.

ಆಮೇಲೆ ಬೆಂಚೊಂದು ಕಿರುಗುಟ್ಟಿತು.

"ಟೀಚರ್," ಎಂದಳು ಗುಬ್ಬಿ, "ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ವಾ?"

"ಕಮ್ಮಿ ಇದ್ರೇನಂತೆ?"

"ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರಿ. ಸೇರಿಸಿದ್ಮೇಲೆ ಕಮ್ಮಿ ಹೇಗಾಯ್ತು?"

ಟೀಚರ್ ಹಟ ಹಿಡಿದಳು. ಇಷ್ಟು ವರ್ಷ ಓದಿದ್ದೇನೆ, ನನಗೆ ಗೊತ್ತಿಲ್ಲವೇ ಎಂದು ದಬಾಯಿಸಿದಳು. ಓದಿದರೆ ಏನಾಯಿತು ಟೀಚರ್, ಮಡಚಿ ನೋಡಿ ಎಂದು ದುಂಡ ಪುಸ್ತಕದಿಂದ ಹಾಳೆಯನ್ನೇ ಹರಿದ. ಅಷ್ಟರಲ್ಲಿ ಬೆಂಚುಗಳು ಖಾಲಿಯಾಗಿ ಬೋರ್ಡಿನ ಮುಂದೆ ಜಾತ್ರೆಯಾಗಿತ್ತು. ಒಬ್ಬಳು ಆರು ಪಾಲು ಎಂದಳು, ಇನ್ನೊಬ್ಬ ಅಲ್ಲ ಎಂದ, ಇಬ್ಬರೂ ನೆಲದ ಮೇಲೆ ಮಂಡಿಯೂರಿದರು. ಅರ್ಧವೆಂದರೆ ಮೂರು ಮಡಿಕೆ, ಮೂರನೇ ಒಂದೆಂದರೆ ಎರಡು, ಸೇರಿದರೆ ಐದು, ಒಟ್ಟು ಆರರಲ್ಲಿ ಐದು. ಲೆಕ್ಕ ತಪಾಸಣೆಯ ತಂದೆಯೂ ಯಾವುದೋ ರಸೀದಿಯನ್ನು ಕದ್ದು ಮಡಚುತ್ತಿದ್ದರು. ಟೀಚರ್ ತನ್ನ ಉತ್ತರವನ್ನು ಅಂಗೈಯಿಂದ ಒರೆಸಿ, ನಾನು ಬರೆದದ್ದು ತಪ್ಪು ಎಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪುರುಸೊತ್ತಿದ್ದರೆ ತಾನೆ.

ಗಂಟೆ ಹೊಡೆದ ಮೇಲೆ ಗುಬ್ಬಿ ಹಿಂದೆ ಉಳಿದು ಅವಳ ಸೆರಗು ಜಗ್ಗಿದಳು. "ಬೇಜಾರು ಮಾಡ್ಕೋಬೇಡಿ ಟೀಚರ್. ನಂಗೂ ಮೊದ್ಲು ಹಾಗೇ ಅನ್ಸಿತ್ತು," ಎಂದು ಸಮಾಧಾನ ಹೇಳಿ ಓಡಿಹೋದಳು.

ಕೊಠಡಿ ಖಾಲಿಯಾದಾಗ ಹೆಡ್‌ಮಾಸ್ಟರು ಬಂದರು. ಸೆಕ್ಷನ್ ಒಡೆಯುವ ಮಾತು ಅಲ್ಲಿಗೇ ಮುಗಿಯಿತು ಎಂದರು. ಆದರೆ ಆ ಲೆಕ್ಕ ತಪಾಸಣೆಯ ತಂದೆ ಗೇಟಿನ ಹತ್ತಿರ ನಿಂತು, ಅರ್ಧ ಕೂಡಿಸಲು ಬಾರದವರಿಗೆ ಯಾರು ಕೆಲಸ ಕೊಟ್ಟರು ಎಂದು ನಾಲ್ಕು ಜನಕ್ಕೆ ಹೇಳುತ್ತಿದ್ದಾರಂತೆ. ನಾಳೆ ಹೊತ್ತಿಗೆ ಊರೆಲ್ಲ ಆಡಿಕೊಳ್ಳುತ್ತದಂತೆ.

"ಬೆಳಿಗ್ಗೆ ಮೈಕಲ್ಲಿ ಒಂದೇ ಮಾತು ಹೇಳಿಬಿಡ್ತೀನಿ," ಎಂದರು ಅವರು, ಕಾಲುಚೀಲವನ್ನು ಕೈಯಿಂದ ಕಳಚುತ್ತಾ. "ಟೀಚರ್ ಬೇಕಂತಲೇ ತಪ್ಪು ಬರೆದಿದ್ರು ಅಂತ. ಮಕ್ಕಳಿಗೂ ಗೊತ್ತಾಗಲಿ, ಪೋಷಕರಿಗೂ ಗೊತ್ತಾಗಲಿ. ನಿಮ್ಮ ಮರ್ಯಾದೆ ಪ್ರಶ್ನೆ ಇದು. ಹೇಳಲಾ?"

ಹೊರಗೆ ಮೆಟ್ಟಿಲ ಮೇಲೆ ಗುಬ್ಬಿ ಯಾರಿಗೋ ಐದನೇ ಎರಡು ಯಾಕೆ ಆಗುವುದಿಲ್ಲ ಎಂದು ಗಟ್ಟಿಯಾಗಿ ವಿವರಿಸುತ್ತಿದ್ದಳು.

"ಬೇಡ ಸರ್," ಎಂದಳು ಟೀಚರ್.