ಎಡಗೆರೆ ಕಾಯ್ದ ಮುತ್ತರಾಯಪ್ಪ

ಗುಮ್ಮಳಾಪುರದ ಮುತ್ತರಾಯಪ್ಪನ ಎಡಕ್ಕೆ ನಡೆದವರು ಯಾರೂ ಬಹಳ ಹೊತ್ತು ದಾರಿಯ ಮೇಲೆ ಉಳಿದದ್ದಿಲ್ಲ. ಮೊಣಕಾಲು ಸಡಿಲಬಿಟ್ಟು, ಮೈಯನ್ನು ಓರೆ ಮಾಡಿ, ಮಾತಾಡುತ್ತಾಡುತ್ತಲೇ ಅವನು ಜೊತೆಗಾರನನ್ನು ಮುಟ್ಟದೆ, ತಳ್ಳದೆ, ಅಂಗುಲ ಅಂಗುಲವಾಗಿ ಅಂಚಿಗೆ ಒಯ್ದುಬಿಡುತ್ತಿದ್ದ. ಹೊಸೂರಿನ ಸಂತೆಗೆ ಹೋಗುವಾಗ ನಾನೇ ಎರಡು ಸಲ ಮೋರಿಗೆ ಇಳಿದಿದ್ದೇನೆ. ಹಾಕಿ ಮೈದಾನದ ಎಡಗೆರೆಯಲ್ಲಿ ಹಾಫ್ ಎಂಬ ನಡುಸಾಲಿನ ಕಾವಲುಗಾರನಾಗಿ ನಿಂತು, ಎದುರಾಳಿಗಳನ್ನು ವರ್ಷಗಟ್ಟಲೆ ಗೆರೆಯಾಚೆ ಅಟ್ಟಿದ ದೇಹ ಅದು. ರಸ್ತೆಗೂ ಮೈದಾನಕ್ಕೂ ಅದಕ್ಕೆ ಭೇದವೇ ತಿಳಿಯುತ್ತಿರಲಿಲ್ಲ.

ಮತ್ತಿಗಿರಿಯ ಸರ್ಕಾರಿ ದನದ ಫಾರಂನಲ್ಲಿ ಅವನು ಹೋರಿಗಳನ್ನು ಪಳಗಿಸುವ ಆಳು, ನಾನು ಅಲ್ಲಿಯೇ ಗುಮಾಸ್ತ. ವಯಸ್ಸಿನಲ್ಲಿ ಅವನಿಗಿಂತ ಹತ್ತು ವರ್ಷ ಕಿರಿಯ. ಬೆಂಗಳೂರು ದಂಡಿನಿಂದ ಬರುತ್ತಿದ್ದ ಸಿಪಾಯಿಗಳು ಸಂಜೆ ಆಡುತ್ತಿದ್ದುದನ್ನು ನೋಡಿ ಕಲಿತ ಆಟ ಅವನದು. ಆದರೆ ಅವನ ನಿಜವಾದ ಗುರುಗಳು ಆ ಹೋರಿಗಳೇ. ನನ್ನನ್ನು ಬಲ ಅಂಚಿನ ಓಟಗಾರನನ್ನಾಗಿ ತಿದ್ದುವಾಗ ಅವನು ಹೇಳುತ್ತಿದ್ದುದು ಒಂದೇ ಮಾತು: "ಚೆಂಡು ನೋಡಬ್ಯಾಡ ಕಣ್ಲಾ ರಾಮಕಿಷ್ಣ. ಓಡೋ ಹೋರಿ ಕಾಲೆತ್ತೋಕ್ ಮುಂಚೆ ಹೆಗಲು ತಿರುಗಿಸ್ತದೆ. ಹೆಗಲು ನೋಡು."

ಆ ಹೆಗಲಿನ ವಿದ್ಯೆಯೇ ಅವನನ್ನು ಬೆಂಗಳೂರಿನ ಕ್ಲಬ್ಬಿಗೂ, ಅಲ್ಲಿಂದ ಮದರಾಸು ಪ್ರಾಂತ್ಯದ ತಂಡಕ್ಕೂ, ನಲವತ್ತಾರರಲ್ಲಿ ಸಿಂಹಳಕ್ಕೆ ಹೊರಟ ದೇಶದ ತಂಡಕ್ಕೂ ಕರೆದೊಯ್ದಿತು. ಕೊಲಂಬೊದಲ್ಲಿ ಮಳೆ ಸುರಿದು ಮೈದಾನ ಕೆಸರಾಗಿತ್ತು. ಎಲ್ಲರೂ ಬೂಟು ಹಾಕಲೇಬೇಕೆಂದು ನಾಯಕನ ಅಪ್ಪಣೆಯಾಯಿತು. ಹುಟ್ಟಿದಂದಿನಿಂದ ಬರಿಗಾಲಲ್ಲೇ ಆಡಿದ ಮುತ್ತರಾಯಪ್ಪ ಮೊದಲರ್ಧದಲ್ಲಿ ನಾಲ್ಕು ಸಲ ಜಾರಿ ಬಿದ್ದ. ಎರಡು ಗೋಲು ಅವನ ಬದಿಯಿಂದಲೇ ಆದವು. ವಿರಾಮದಲ್ಲಿ ಬೂಟು ಬಿಚ್ಚಿ ಎಸೆದವನ ಮೇಲೆ ಪಂಜಾಬಿನ ನಾಯಕ ಕೂಗಾಡಿದಾಗ, ಇವನು ನಮ್ಮ ಗಡಿಸೀಮೆಯ ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿಗೆ ಕಲಸಿ ಉತ್ತರಿಸಿದನಂತೆ: "ಕಾಲು ನಂದು, ನೇಲ ವಾಳ್ಳದಿ, ನಡುವುಲ ಬೂಟ್ಸು ಎದುಕ್ಕು?" ಕಾಲು ನನ್ನದು, ನೆಲ ಅವರದು, ನಡುವೆ ಬೂಟೇಕೆ ಎಂಬುದು ಆ ನಾಯಕನಿಗೆ ಒಂದಕ್ಷರವೂ ತಿಳಿಯದಿದ್ದರೂ, ಕೆಸರನ್ನು ಬೆರಳುಗಳಿಂದ ಕಚ್ಚಿ ನಿಂತ ಆ ಪಾದಗಳ ಭಾಷೆ ತಿಳಿದಿರಬೇಕು. ಮತ್ತೆ ಆ ಬದಿಯಿಂದ ಒಬ್ಬನೂ ನುಸುಳಲಿಲ್ಲ. ನಮ್ಮವರು ಮೂರು ಗೋಲು ಹೊಡೆದು ಗೆದ್ದರು. ಅಲ್ಲಿ ಕೊಟ್ಟ ನೀಲಿ ಕೋಟನ್ನು ಅವನು ಪಂಚೆಯ ಮೇಲೆ ತೊಟ್ಟು ರಾಗಿ ಹೊಲಕ್ಕೂ ಹೋಗುತ್ತಿದ್ದ. "ಪೈರಿಗೂ ತಿಳೀಲಿ, ಯಜಮಾನ್ರು ಸಮುದ್ರ ದಾಟವ್ರೆ ಅಂತ" ಎಂದು ಅವನ ಹೆಂಡತಿ ಅಕ್ಕಯಮ್ಮ ಛೇಡಿಸಿದರೆ, "ತಿಳಿದ್ರೆ ಒಳ್ಳೇದೇ" ಎಂದು ಗಂಭೀರವಾಗಿ ಒಪ್ಪಿಕೊಳ್ಳುತ್ತಿದ್ದ.

ನಲವತ್ತೊಂಬತ್ತರಲ್ಲಿ ಆಫ್ರಿಕಾಕ್ಕೆ ಹೋಗುವ ತಂಡದ ಆಯ್ಕೆಗೆ ಮದರಾಸಿನಲ್ಲಿ ಪಂದ್ಯ ನಡೆಯಿತು. ನಮ್ಮಿಬ್ಬರಿಗೂ ಕರೆ ಬಂದಿತ್ತು. ಅವನಿಗಾಗಲೇ ಮೂವತ್ತೈದು, ಒಂದು ಮಂಡಿ ಊದಿಕೊಳ್ಳುತ್ತಿತ್ತು. ಇನ್ನೊಂದು ಪ್ರವಾಸ ಸಿಕ್ಕದಿದ್ದರೆ ಅದೇ ಅವನ ಕೊನೆಯ ದೊಡ್ಡ ಆಟವೆಂದು ಇಬ್ಬರಿಗೂ ಗೊತ್ತಿತ್ತು. ವಿಧಿಯ ಕುಚೋದ್ಯವೆಂಬಂತೆ ನನ್ನನ್ನು ಎದುರು ಪಾಳೆಯದಲ್ಲಿ, ಅವನ ಬದಿಗೇ ಹಾಕಿದರು. ಒಂದು ಗಂಟೆ ಕಾಲ ಅವನು ನನ್ನನ್ನು ಒಂದೇ ಒಂದು ಸಲವೂ ದಾಟಗೊಡಲಿಲ್ಲ. ಆಯ್ಕೆಗಾರರು ನನ್ನತ್ತ ನೋಡುವುದನ್ನೇ ಬಿಟ್ಟರು. ಚೆಂಡು ಗೆರೆಯಾಚೆ ಹೋದ ಒಂದು ಗಳಿಗೆಯಲ್ಲಿ, ನಾಚಿಕೆ ಬಿಟ್ಟು ಬೇಡಿಕೊಂಡೆ.

"ಅಣ್ಣಾ, ಒಂದೇ ಒಂದ್ ಸಲ ಬಿಟ್ಬುಡು."

ಅವನು ಬೆವರು ಒರೆಸಿಕೊಂಡು ನನ್ನನ್ನೇ ನೋಡಿದ. "ಬಿಟ್ರೆ ನೀನು ದಾಟ್ದಂಗೆ ಹೆಂಗಾಯ್ತದ್ಲಾ? ನಾನು ಬಿಟ್ಟಂಗಾಯ್ತದೆ."

ಮೈಯೆಲ್ಲ ಉರಿದುಹೋಯಿತು. ಆಟ ಮುಗಿಯಲು ಇನ್ನು ಐದು ನಿಮಿಷವಿರಬಹುದು, ಚೆಂಡು ಮತ್ತೆ ನನ್ನ ಕೋಲಿಗೆ ಬಂತು. ಅವನ ಕಣ್ಣು ನನ್ನ ಹೆಗಲ ಮೇಲೆ ನೆಟ್ಟಿತ್ತು. ಅಂದು ನಾನು ಹೆಗಲನ್ನು ಕಲ್ಲಿನಂತೆ ನಿಲ್ಲಿಸಿ, ಮಣಿಕಟ್ಟಿನಿಂದಷ್ಟೇ ಚೆಂಡನ್ನು ಒಳಕ್ಕೆ ಎಳೆದು ಹಾದುಹೋದೆ. ಊದಿದ ಮಂಡಿ ಅವನನ್ನು ತಿರುಗಗೊಡಲಿಲ್ಲವೆಂದು ಬೇರೆಯವರು ಹೇಳಿದ್ದುಂಟು. ಅವನು ಮಾತ್ರ ಎಂದೂ ಹಾಗೆ ಹೇಳಲಿಲ್ಲ. ಗೋಲು ಆಯಿತು. ಹಿಂದಿನಿಂದ ಅವನ ದನಿ ಕೇಳಿಸಿತು: "ಹಾಂ! ಈಗ ದಾಟ್ದೆ ನೋಡು!"

ಸಂಜೆ ಪಟ್ಟಿ ಓದಿದರು. ನನ್ನ ಹೆಸರಿತ್ತು, ಅವನದಿರಲಿಲ್ಲ.

ಮರುದಿನ ಕೃಷ್ಣಗಿರಿಯಲ್ಲಿ ಬಸ್ಸು ನಿಂತಾಗ ಅವನು ನಾಲ್ಕು ಇಡ್ಲಿ ತಿಂದ, ನನ್ನ ಎಲೆಯ ಮೇಲಿನವು ಹಾಗೇ ಉಳಿದಿದ್ದವು. ಕ್ಷಮೆಯ ಮಾತು ತೆಗೆಯಹೋದೆ. "ಆಫ್ರಿಕಾದಾಗೆ ನೆಲ ಗಟ್ಟಿಯಂತೆ" ಎಂದು ಅವನು ನಡುವೆಯೇ ತಡೆದ. "ಚೆಂಡು ಪುಟಿತದೆ. ಕೋಲು ಎತ್ತಿ ಹಿಡೀಬ್ಯಾಡ. ತಿನ್ನು ಮೊದ್ಲು."

ಆಮೇಲೆ ಅವನು ದೇಶಕ್ಕಾಗಿ ಆಡಲಿಲ್ಲ. ನಾನು ಹಡಗು ಹತ್ತಿ ಹೋಗಿ ಬಂದೆ. ಫಾರಂನವರು ಯಾರಾದರೂ ಅಯ್ಯೋ ಪಾಪವೆಂದರೆ ಮುತ್ತರಾಯಪ್ಪ ಎದೆ ಸೆಟೆಸುತ್ತಿದ್ದ. "ನನ್ನ ದಾಟ್ಕಂಡು ಹೋದೋನು ಆಫ್ರಿಕಾ ಸೀಮೆಗೆ ಹೋದ. ನನ್ನ ದಾಟೋದು ಅಂದ್ರೆ ಅಷ್ಟು ದೊಡ್ಡ ಕೆಲ್ಸ ಕಣ್ರಯ್ಯಾ!" ಆ ಮಾತಿನಲ್ಲಿ ಕಹಿಯಿಲ್ಲದ್ದನ್ನು ಕಂಡು ನಾನು ಬೆರಗಾಗುತ್ತಿದ್ದೆ. ತನ್ನ ಸೋಲಿಗೆ ಅವನು ಕಟ್ಟುತ್ತಿದ್ದ ಬೆಲೆ, ಇತರರು ತಮ್ಮ ಗೆಲುವಿಗೆ ಕಟ್ಟುವುದಕ್ಕಿಂತ ಹೆಚ್ಚಿನದಾಗಿತ್ತು.

ಪ್ರೀತಿಯಿಂದ ದಾರಿ ಬಿಟ್ಟುಕೊಡುವ ಹಿರಿಯರು ಊರಿಗೆ ಹತ್ತು ಮಂದಿ ಸಿಕ್ಕಾರು. ಅವರಿಗೆ ನಾವು ಋಣಿಗಳಾಗಿ, ಕೊಂಚ ಕುಗ್ಗಿಯೇ ಬದುಕುತ್ತೇವೆ. ಪ್ರೀತಿಯಿಟ್ಟೂ ಅಡ್ಡ ನಿಲ್ಲುವವರು ಬೇರೆ ಜಾತಿಯ ಮನುಷ್ಯರು. ತಮ್ಮ ಕೆಲಸದ ಮೇಲಿನ ಗೌರವವನ್ನು ಅವರು ಮಗನಿಗಾಗಿಯಾಗಲಿ ಮಿತ್ರನಿಗಾಗಿಯಾಗಲಿ ಎಳ್ಳಷ್ಟೂ ಸಡಿಲಿಸರು. ಅಂಥವರನ್ನು ಒಮ್ಮೆ ದಾಟಿದವನಿಗೆ, ತಾನು ದಾಟಿದೆನೋ ಇಲ್ಲವೋ ಎಂಬ ಅನುಮಾನ ಬದುಕಿನುದ್ದಕ್ಕೂ ಬಾಧಿಸುವುದಿಲ್ಲ.