ಬಾಕಿ ಉಳಿದ ಟ್ರಿಪ್

“ತಲೆ ಕಡೆ ಸ್ವಲ್ಪ ಎತ್ತಿ, ಮೆಟ್ಟಿಲಿದೆ!” ಎಂದು ಸೋದರಮಾವ ಕೂಗುವಷ್ಟರಲ್ಲಿ ಅಮ್ಮನ ಶವಪೆಟ್ಟಿಗೆ ಹೊಸ್ತಿಲು ದಾಟಿಯಾಗಿತ್ತು. ಹೊತ್ತವರೆಲ್ಲ ಒಂದು ಕಾಲದಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದವರೇ. ಈಗ ಒಬ್ಬ ಮೇಷ್ಟ್ರು, ಒಬ್ಬಳು ನರ್ಸು, ಮಿಕ್ಕವರು ಬಸ್ ಡಿಪೋದವರು.

“ನಮ್ಮಕ್ಕನ್ನ ಹೊರೋಕೆ ಈ ಪುಂಡರೇ ಬೇಕಿತ್ತಾ?” ಎಂದು ಮಾವ ಗೊಣಗಿದ.

“ಹಾಗನ್ಬೇಡಿ ಮಾವ. ಅಮ್ಮ ಎದ್ದು ಬಂದು ನಿಮ್ಮ ಕೈಗೂ ಸೂಜಿ ಕೊಟ್ಟುಬಿಡ್ತಾಳೆ,” ಎಂದಳು ಮಗಳು. ಅಳುತ್ತಿದ್ದ ಮಾವನಿಗೂ ನಗು ಬಂತು.

*

ಅಮ್ಮ ಡಿಪೋದಲ್ಲಿ ಸೀಟು ಹೊಲಿಯುತ್ತಿದ್ದಳು. ಬ್ಲೇಡಿನಿಂದ ಸೀಟು ಕುಯ್ದು ಸಿಕ್ಕಿಬಿದ್ದ ಹುಡುಗ ಹುಡುಗಿಯರನ್ನು ನ್ಯಾಯಾಧೀಶರು ಒಳಗೆ ಹಾಕದೆ ಅವಳ ಬಳಿ ಕಳಿಸುತ್ತಿದ್ದರು. ಹರಿದದ್ದನ್ನು ಅವರೇ ಹೊಲಿಯಬೇಕು. ಅದಾದ ಮೇಲೆ, ಆ ಹರಿದ ಸೀಟಿನಿಂದ ನೊಂದವರು ಯಾರಾದರೂ ಒಪ್ಪಿ ಕರೆದರೆ, ಅದೇ ಸೀಟಿನಲ್ಲಿ ಅವರ ಪಕ್ಕ ಕೂತು ಒಂದು ಟ್ರಿಪ್ ಪೂರ್ತಿ ಅವರ ಮಾತು ಕೇಳಬೇಕು. ಈ ನಿಯಮ ಅಮ್ಮನದೇ.

ಒಬ್ಬ ಹುಡುಗ ಕುಯ್ದ ಸೀಟಿನೊಳಗೆ ಬ್ಲೇಡಿನ ಚೂರು ಉಳಿದಿತ್ತು. ಅದರ ಮೇಲೆ ಕೈಯೂರಿದವಳು ಮಗಳು. ಅಂಗೈ ಸೀಳಿತು, ಎರಡು ಬೆರಳು ಮತ್ತೆ ಸರಿಯಾಗಿ ಮಡಚಲು ಬರಲೇ ಇಲ್ಲ.

“ನನ್ನ ಕೈ ಕುಯ್ದವನಿಗೆ ನೀನೇ ಟೀ ಮಾಡ್ಕೊಡ್ತೀಯಾ?” ಎಂದು ಅವಳು ಮನೆಯ ಸೂರು ಹಾರಿಹೋಗುವಂತೆ ಕೂಗಾಡಿದ್ದಳು.

“ಕೊಡ್ತೀನಿ ಕಣೇ. ಪಕ್ಕದಲ್ಲಿ ಕೂರಿಸ್ಕೊ ಅಂತ ಮಾತ್ರ ನಿನ್ನ ಕೇಳಲ್ಲ. ಅದು ನಿನ್ನಿಷ್ಟ.”

ಅಮ್ಮ ಮತ್ತೆಂದೂ ಆ ಮಾತೆತ್ತಲಿಲ್ಲ. ಮಗಳೂ ಕರೆಯಲಿಲ್ಲ. ಕೋರ್ಟು ಹೇಳಿದ ಅವಧಿ ಮುಗಿದರೂ ಹುಡುಗ ಮಾತ್ರ ಬರುತ್ತಲೇ ಇದ್ದ. ಯಾರಾದರೂ ಕೇಳಿದರೆ “ನಂದಿನ್ನೂ ಮುಗಿದಿಲ್ಲ” ಎನ್ನುತ್ತಿದ್ದ. ಅಮ್ಮ ನಿವೃತ್ತಳಾದ ಮೇಲೆ ಅವಳ ಮಿಷನ್ನಿನ ಮುಂದೆ ಕೂತವನೂ ಅವನೇ.

*

ಸ್ಮಶಾನಕ್ಕೆ ಹೋಗಲು ಡಿಪೋದವರು ಬಸ್ಸು ಕಳಿಸಿದ್ದರು. ಡಿಪೋ ಗೇಟಿನ ಮುಂದೆ ಡ್ರೈವರುಗಳು ಟೋಪಿ ತೆಗೆದು ಸಾಲಾಗಿ ನಿಂತಿದ್ದರು. ಬಸ್ಸು ನಿಂತಿತು. ಮುದುಕ ಕಂಡಕ್ಟರ್ ಹತ್ತಿ ಬಂದು ಮಗಳ ತಲೆ ಮುಟ್ಟಿದ.

“ಆಯಮ್ಮನ ಕೈಲಿ ಪಳಗಿದೋರಲ್ಲಿ ಮತ್ತೆ ಠಾಣೆ ಮೆಟ್ಟಿಲು ಹತ್ತಿದೋನು ಒಬ್ಬನೇ ತಾಯಿ. ಅದೂ ಪೊಲೀಸ್ ಕೆಲಸ ಸಿಕ್ಕಿ!”

ಬಸ್ಸಿಗೆ ಬಸ್ಸೇ ನಕ್ಕಿತು. ಮಗಳ ಎದೆಯುಬ್ಬಿ ಬಂತು. ಇವಳು ನನ್ನಮ್ಮ ಎಂದು ದಾರಿಹೋಕರನ್ನೆಲ್ಲ ನಿಲ್ಲಿಸಿ ಹೇಳಬೇಕು ಎನಿಸಿತು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಖಾಲಿ ಇದ್ದದ್ದು ಅವಳ ಪಕ್ಕದ ಸೀಟೊಂದೇ. ಅಂದು ಅವಳ ಸೀಟು ಕುಯ್ದವನು, ಪೆಟ್ಟಿಗೆ ಹೊತ್ತು ಸುಸ್ತಾಗಿ, ಬಾಗಿಲ ಬಳಿ ಕಂಬಿ ಹಿಡಿದು ನಿಂತಿದ್ದ. ಕಿವಿಯ ಬಳಿ ಕೂದಲು ನರೆತಿತ್ತು.

“ಜಾಗ ಇದೆಯಲ್ಲಪ್ಪಾ, ಕೂತ್ಕೋ,” ಎಂದ ಮಾವ. ಪುಂಡ ಎಂದವನೇ ಈಗ ಅಪ್ಪಾ ಎನ್ನುತ್ತಿದ್ದ.

“ಇಲ್ಲ ಸಾರ್. ನಾನಾಗೇ ಕೂರೋ ಹಾಗಿಲ್ಲ.”

ಮಾವನಿಗೆ ಅರ್ಥವಾಗಲಿಲ್ಲ. ಅವಳಿಗೆ ಆಯಿತು. ಅಮ್ಮನ ಸಲುವಾಗಿ ಕರೆಯಬೇಕೇ ಎಂದು ತನ್ನನ್ನೇ ಕೇಳಿಕೊಂಡಳು. ಅಲ್ಲ, ಅವಳಿಗೇ ಅವನ ಹತ್ತಿರ ಹೇಳುವುದಿತ್ತು. ಕಿಟಕಿಯತ್ತ ಸರಿದಳು.

“ಬನ್ನಿ.”

ಅವನು ಕಂಬಿ ಬಿಟ್ಟು ಬಂದು ಸೀಟಿನ ತುದಿಯಲ್ಲಿ ಕೂತ. ಬಸ್ಸು ಹೊರಟಿತು.

“ಅವತ್ತು ತುಂಬಾ ರಶ್ಶಿತ್ತು,” ಎಂದು ಅವಳು ಶುರು ಮಾಡಿದಳು. “ಸೀಟು ಸಿಕ್ತಲ್ಲ ಅಂತ ನನಗೆ ಖುಷಿಯೋ ಖುಷಿ.”

ಅವನು ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಅವಳ ಕಡೆಗೇ ತಿರುಗಿ ಕೇಳುತ್ತಿದ್ದ.